ಕಣ್ಣಿಗೆ ಬೀಳದ ಚೌಕಟ್ಟು



ಮಠದ ಮಾಸಪತ್ರಿಕೆಯಲ್ಲಿ ಮೋಟಾರು ಗಾಡಿಯ ದುರಸ್ತಿಯ ವಿಚಾರವೇಕೆ ಎಂದು ತಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಷಟ್‌ಸ್ಥಲದ ವಿವೇಚನೆ, ಶರಣರ ಚರಿತ್ರೆ, ಶಿವಾನುಭವ ಗೋಷ್ಠಿಗಳ ವರದಿ ಇವುಗಳನ್ನು ಓದಲೆಂದು ಈ ಪುಟಗಳನ್ನು ತೆರೆಯುವ ವಾಚಕರಿಗೆ ಕಬ್ಬಿಣ, ಬೋಲ್ಟು, ರಬ್ಬರುಗಳ ಮಾತು ಅಪರಿಚಿತವೆನಿಸುವುದು ಸಹಜ. ಆದರೆ ಕಾಯಕಕ್ಕೆ ಪೂಜೆಗಿಂತ ಕಡಿಮೆಯಲ್ಲದ ಸ್ಥಾನವನ್ನು ಕೊಟ್ಟ ನಮ್ಮ ಪರಂಪರೆಗೆ ಯಾವ ಕುಶಲ ಕೆಲಸವೂ ಹೊರಗಿನದಲ್ಲ. ಅದೂ ಅಲ್ಲದೆ, ಒಂದು ಹಳೆಯ ಕಾರಿನ ಅಡಿಭಾಗದಲ್ಲಿ ಬಿಟ್ಟ ಬಿರುಕು ನಮ್ಮ ಮಠದ ನಡವಳಿಕೆಯಲ್ಲಿ ಒಂದು ಬದಲಾವಣೆಗೆ ಕಾರಣವಾಯಿತು. ಆ ಬದಲಾವಣೆ ತಮ್ಮ ತಮ್ಮ ಮನೆಗಳಿಗೂ ಸಂಸ್ಥೆಗಳಿಗೂ ಉಪಯುಕ್ತವಾದೀತೆಂಬ ನಂಬಿಕೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಹಿಂದೆ ಗುರುಗಳು ಭಕ್ತರ ಊರುಗಳಿಗೆ ಚಕ್ಕಡಿಯಲ್ಲಿ ದಯಮಾಡಿಸುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಬಲ್ಲರು. ಚಕ್ಕಡಿಯ ರಚನೆಯಲ್ಲಿ ಮುಚ್ಚುಮರೆಯೆಂಬುದಿಲ್ಲ. ಅಚ್ಚು ಸೀಳಿದರೆ ಕಣ್ಣಿಗೆ ಕಾಣುತ್ತದೆ. ಗಾಲಿಯ ಕಬ್ಬಿಣದ ಹಳಿ ಸಡಿಲಾದರೆ ಕಿವಿಗೆ ಕೇಳುತ್ತದೆ. ನೊಗ ವಾರೆಯಾದರೆ ಎತ್ತಿನ ಹೆಗಲೇ ಹೇಳುತ್ತದೆ. ಭಾರ ಹೊರುವ ಅಂಗಗಳೆಲ್ಲ ಬಯಲಲ್ಲಿಯೇ ಇರುತ್ತವೆ. ಅನಂತರ ಬಂದ ಮೋಟಾರು ಗಾಡಿಗಳ ವಿಷಯ ಹಾಗಲ್ಲ. ಕಲಕತ್ತೆಯ ಬಳಿಯ ಉತ್ತರಪಾಡಾದಲ್ಲಿ ೧೯೫೮ರಿಂದ ೨೦೧೪ರವರೆಗೆ ತಯಾರಾದ ಅಂಬಾಸಿಡರ್ ಕಾರು ನಾಡಿನ ಎಷ್ಟೋ ಮಠಗಳ ಅಂಗಳದಲ್ಲಿ ಬಹುಕಾಲ ನಿಂತಿತ್ತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ವಂಶಕ್ಕೆ ಸೇರಿದ ಆ ಗಾಡಿಯಲ್ಲಿಯೇ, ಲಾರಿಗಿರುವಂತಹ ಪ್ರತ್ಯೇಕ ಅಡಿಚೌಕಟ್ಟು ಇರಲಿಲ್ಲ. ತಗಡಿನ ಒಡಲೇ ಗಾಡಿಯ ಎಲುಬಾಗಿತ್ತು. ಇಂದಿನ ಸಣ್ಣ ಕಾರುಗಳೆಲ್ಲವೂ ಬಹುಮಟ್ಟಿಗೆ ಇದೇ ಬಗೆಯವು.

ಆದರೆ ತಗಡಿನ ಒಡಲು ಎಷ್ಟೇ ಗಟ್ಟಿಯಾಗಿದ್ದರೂ, ಮುಂದಿನ ಗಾಲಿಗಳ ಏಟು, ಎಂಜಿನ್ನಿನ ಅದಿರಾಟ, ತಿರುವುವಾಗಿನ ಎಳೆತ ಇವೆಲ್ಲವೂ ಒಂದೆರಡು ಬಿಂದುಗಳ ಮೇಲೆಯೇ ಬಿದ್ದರೆ ಅದು ಹರಿದೀತು. ಆ ಕಾರಣದಿಂದ ಅನೇಕ ಕಾರುಗಳಲ್ಲಿ ಮುಂಭಾಗದ ಕೆಳಗೆ ಬೇರೆಯೇ ಆದ ಒಂದು ಉಕ್ಕಿನ ಉಪಚೌಕಟ್ಟನ್ನು ಬೋಲ್ಟುಗಳಿಂದ ಬಿಗಿದಿರುತ್ತಾರೆ. ಇದಕ್ಕೆ ಸಬ್‌ಫ್ರೇಮ್ ಎಂದು ಹೆಸರು. ನಮ್ಮ ಭಾಗದ ಗ್ಯಾರೇಜುಗಳಲ್ಲಿ ಕ್ರಾಸ್ ಮೆಂಬರ್ ಎಂದೂ ಕರೆಯುವುದುಂಟು. ೧೯೫೯ರಲ್ಲಿ ಅಲೆಕ್ ಇಸಿಗೋನಿಸ್ ಎಂಬ ಶಿಲ್ಪಿ ರೂಪಿಸಿದ ಮಿನಿ ಎಂಬ ಪುಟ್ಟ ಕಾರಿನಲ್ಲಿ ಮುಂದೊಂದು, ಹಿಂದೊಂದು ಹೀಗೆ ಎರಡು ಉಪಚೌಕಟ್ಟುಗಳಿದ್ದವು. ಮುಂದಿನದು ಎಂಜಿನ್, ಗೇರುಪೆಟ್ಟಿಗೆ, ಗಾಲಿಗಳು ಇಷ್ಟನ್ನೂ ಹೊತ್ತಿತ್ತು. ಅದರ ಹಿಂದಿನ ಉಪಚೌಕಟ್ಟು ಮಳೆನೀರಿಗೆ ಒಳಗಿನಿಂದಲೇ ತುಕ್ಕು ಹಿಡಿದು ಸವೆಯುತ್ತಿದ್ದುದು ಆ ದೇಶದ ಕಾರುಪ್ರಿಯರಲ್ಲಿ ಗಾದೆಯಂತಾಗಿತ್ತು. ಇಂದಿನ ಮುಂಗಾಲಿ ಚಾಲನೆಯ ಕಾರುಗಳಲ್ಲಿ ಗಾಲಿಯನ್ನು ಹಿಡಿದಿರುವ ಕೆಳತೋಳುಗಳು, ಸ್ಟೀರಿಂಗಿನ ರ್‍ಯಾಕು, ಎಂಜಿನ್ನಿನ ಹಿಂಬದಿಯ ಆಧಾರ ಇವು ಸಾಮಾನ್ಯವಾಗಿ ಈ ಉಪಚೌಕಟ್ಟಿನ ಮೇಲೆಯೇ ನಿಂತಿರುತ್ತವೆ. ಎರಡು ಉಕ್ಕಿನ ತಗಡುಗಳನ್ನು ಅಚ್ಚೊತ್ತಿ, ಅಂಚಿಗೆ ಬೆಸೆದು ಮಾಡಿದ ಟೊಳ್ಳು ಪೆಟ್ಟಿಗೆಯಂಥ ರಚನೆಯದು. ಗಾಡಿಯ ಯಜಮಾನನು ಹತ್ತಾರು ವರ್ಷ ಅದರಲ್ಲಿ ಓಡಾಡಿದರೂ ಅದನ್ನು ಒಮ್ಮೆಯೂ ನೋಡಿರುವುದಿಲ್ಲ. ಆದರೆ ಅವನು ಗಾಡಿಯನ್ನು ನೆಟ್ಟಗೆ ಓಡಿಸುತ್ತಿರುವುದು ಅದರ ಬಲದಿಂದಲೇ.

ನಮ್ಮ ಮಠದಲ್ಲಿ ೨೦೦೪ರಲ್ಲಿ ನೋಂದಣಿಯಾದ, ಭಕ್ತರೊಬ್ಬರು ಸೇವೆಗೆಂದು ಅರ್ಪಿಸಿದ ಒಂದು ಸಣ್ಣ ಕಾರಿದೆ. ಖಾಸಗಿ ಕಾರಿನ ನೋಂದಣಿಗೆ ೧೫ ವರ್ಷಗಳ ಅವಧಿ. ಆಮೇಲೆ ಗಾಡಿಯನ್ನು ಪರೀಕ್ಷೆಗೆ ಒಪ್ಪಿಸಿ ೫ ವರ್ಷಗಳಂತೆ ನವೀಕರಿಸಿಕೊಳ್ಳಬೇಕು. ೨೦೧೯ರಲ್ಲಿ ಹಾಗೆ ನವೀಕರಣವಾಗಿತ್ತು. ೨೦೨೨ರ ಶ್ರಾವಣ ಮಾಸದಲ್ಲಿ ಉಪನ್ಯಾಸಕ್ಕೆಂದು ದಯಮಾಡಿಸಿದ್ದ ವೃದ್ಧ ವಿದ್ವಾಂಸರೊಬ್ಬರನ್ನು ನವಲಗುಂದ ತಾಲೂಕಿನ ಅವರ ಗ್ರಾಮಕ್ಕೆ ತಲುಪಿಸಿ, ಮಠದ ಚಾಲಕನು ರಾತ್ರಿ ಒಬ್ಬನೇ ಹಿಂದಿರುಗುತ್ತಿದ್ದನು. ಆ ಸೀಮೆ ಎರೆಭೂಮಿಯದು. ಮಳೆ ಬಿದ್ದರೆ ಉಬ್ಬುವ, ಬಿಸಿಲಿಗೆ ಬಾಯಿಬಿಡುವ ಆ ಮಣ್ಣಿನ ಮೇಲೆ ರಸ್ತೆ ಎಂದೂ ಸಮವಾಗಿ ನಿಲ್ಲುವುದಿಲ್ಲ. ಅದರ ಮೇಲೆ ಯಾರೋ ನೀರಿನ ಕೊಳವೆಗಾಗಿ ರಸ್ತೆಯನ್ನು ಅಡ್ಡಲಾಗಿ ಅಗೆದು, ಸರಿಯಾಗಿ ಮುಚ್ಚದೆ ಬಿಟ್ಟಿದ್ದರು. ಮಳೆನೀರು ತುಂಬಿದ್ದ ಆ ಕುಣಿ ದೀಪದ ಬೆಳಕಿಗೆ ಬರಿಯ ತೇವದಂತೆ ಕಂಡಿತು. ಎಡಗಾಲಿ ಅದರಲ್ಲಿ ಧಡ್ಡನೆ ಇಳಿದೆದ್ದಿತು. ಟಾಯರು ಒಡೆಯಲಿಲ್ಲ, ಗಾಜು ಬಿರಿಯಲಿಲ್ಲ, ಬಣ್ಣಕ್ಕೆ ಒಂದು ಗೀರೂ ಬೀಳಲಿಲ್ಲ. ಗಾಡಿ ಓಡಿಕೊಂಡೇ ಮಠವನ್ನು ಸೇರಿತು.

ಈ ಸಂಗತಿಗೆ ಸಾಕ್ಷಿಯಾಗಿದ್ದವರು ಯಾರೂ ಇಲ್ಲ. ಮರುದಿನ ಬೆಳಿಗ್ಗೆ ಅದೇ ಗಾಡಿಯಲ್ಲಿ ಪ್ರಸಾದನಿಲಯದ ನಾಲ್ವರು ವಿದ್ಯಾರ್ಥಿಗಳು ವಚನಗಾಯನ ಸ್ಪರ್ಧೆಗಾಗಿ ಧಾರವಾಡಕ್ಕೆ ಹೋಗುವವರಿದ್ದರು. ಚಾಲಕನಾದರೋ ಇದೇ ಪ್ರಸಾದನಿಲಯದಲ್ಲಿ ಉಂಡು ಬೆಳೆದ ಹುಡುಗ. ಬಡ ತಾಯಿಯ ಒಬ್ಬನೇ ಮಗ. ಕೆಲಸಕ್ಕೆ ಸೇರಿ ಆರು ತಿಂಗಳೂ ಆಗಿರಲಿಲ್ಲ. ಆತನು ಸುಮ್ಮನಿದ್ದಿದ್ದರೆ ಕೇಳುವವರು ಯಾರಿದ್ದರು? ನಾವು ಪೂಜೆಯನ್ನು ಮುಗಿಸಿ ಹೊರಬರುವುದನ್ನೇ ಕಾಯುತ್ತ ಆತನು ಕಂಬದ ಬಳಿ ನಿಂತಿದ್ದನು.

“ಅಜ್ಜಾರ, ರಾತ್ರಿ ಗಾಡಿ ಕುಣಿಗೆ ಬಿತ್ರಿ. ಹೊರಗ ಏನೂ ಕಾಣವಲ್ದು. ಆದ್ರ ಸ್ಟೇರಿಂಗ್ ನೆಟ್ಟಗ ನಿಲ್ಲೂದಿಲ್ಲ, ಎಡಕ್ಕ ಎಳೀತೈತ್ರಿ. ಹುಡುಗರನ್ನ ಕುಂದ್ರಿಸ್ಕೊಂಡು ಹೋಗಾಕ ನನಗ ಧೈರ್ಯ ಆಗವಲ್ದು,” ಎಂದನು.

ಅಲ್ಲಿ ನೆರೆದಿದ್ದ ಹಿರಿಯರೊಬ್ಬರು ಕೂಡಲೇ, “ಎಷ್ಟು ಜೋರು ಹೊಡದಿದ್ದಿ? ಮೊದಲ ಅದನ್ನ ಹೇಳು,” ಎಂದು ಗದರಿದರು. ಹುಡುಗನ ಮುಖ ಬಾಡಿತು. ನಾವು ಆ ವಿಚಾರಣೆಯನ್ನು ಅಲ್ಲಿಗೇ ನಿಲ್ಲಿಸಿ, ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ಕಳುಹಿಸಿ, ಗಾಡಿಯನ್ನು ಗ್ಯಾರೇಜಿಗೆ ಒಯ್ಯಲು ಹೇಳಿದೆವು.

ಮೊದಲು ಹೋದ ಗ್ಯಾರೇಜಿನ ಹೆಸರು ಇಲ್ಲಿ ಬೇಕಿಲ್ಲ. ಅವರು ಗಾಡಿಯನ್ನು ಎತ್ತಿ ನೋಡಿ, ಕೆಳಚೌಕಟ್ಟು ಬಾಗಿದೆಯೆಂದೂ, ಬೆಸುಗೆಯ ಅಂಚಿನಲ್ಲಿ ಬಿರುಕಿದೆಯೆಂದೂ ಸರಿಯಾಗಿಯೇ ಹೇಳಿದರು. ಆದರೆ ಅವರು ಸೂಚಿಸಿದ ಪರಿಹಾರ ಬೇರೆ ತೆರನಾದುದು: ಚೌಕಟ್ಟನ್ನು ಗಾಡಿಯಲ್ಲಿಯೇ ಬಿಟ್ಟು, ಗ್ಯಾಸಿನ ಉರಿಯಿಂದ ಕೆಂಪಗೆ ಕಾಯಿಸಿ, ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಿ, ಬಿರುಕಿನ ಮೇಲೆ ಒಂದು ತಗಡಿನ ತುಂಡನ್ನು ಬೆಸೆದು, ಎಲ್ಲದರ ಮೇಲೂ ದಪ್ಪನೆಯ ಕಪ್ಪು ಬಣ್ಣವನ್ನು ಬಳಿಯುವುದು. ಒಂದೇ ದಿನದ ಕೆಲಸ. ಅದರ ಜೊತೆಗೆ, “ಹಳೇ ಗಾಡಿಗೆ ಹೆಚ್ಚು ಖರ್ಚು ಮಾಡಬೇಡ್ರಿ, ಬಣ್ಣ ಹಚ್ಚಿ ಮಾರಿಬಿಡ್ರಿ,” ಎಂಬ ಉಪದೇಶ.

ಈ ಉಪದೇಶ ನಮ್ಮ ಸಲಹಾ ಸಮಿತಿಯಲ್ಲಿ ಕೆಲವರಿಗೆ ಹಿಡಿಸಿತು. ಏಕೆಂದರೆ ಕೊಳ್ಳುವವರು ಆಗಲೇ ಇದ್ದರು. ನಮ್ಮ ಭಕ್ತರೇ ಆದ ಒಬ್ಬ ಶಾಲಾ ಶಿಕ್ಷಕರು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಓಡಾಡಲು ಆ ಗಾಡಿಯನ್ನು ಕೊಡುವುದಾದರೆ ತಮಗೆ ಕೊಡಬೇಕೆಂದು ಹಿಂದೆಯೇ ಬಿನ್ನವಿಸಿಕೊಂಡಿದ್ದರು. ಮಠದ ಗಾಡಿ ಎಂದರೆ ಅದು ಗುರುಪ್ರಸಾದವೆಂಬ ಭಾವನೆ ಅವರದು. ಬೆಲೆಯನ್ನು ಸ್ವಲ್ಪ ಕಡಿಮೆ ಮಾಡಿದರೆ ಅದರಲ್ಲಿ ಅನ್ಯಾಯವೇನು ಎಂದು ಸದಸ್ಯರೊಬ್ಬರು ವಾದಿಸಿದರು. ಅವರು ದುಷ್ಟರೇನೂ ಅಲ್ಲ. ಮಠದ ಹಣ ಪೋಲಾಗಬಾರದೆಂಬ ಕಾಳಜಿಯಿಂದಲೇ ಮಾತನಾಡಿದರು. ಆದರೆ ಕಡಿಮೆ ಬೆಲೆ ಎಂಬುದು ತಿಳಿಸಿ ಕೊಟ್ಟಾಗ ಮಾತ್ರ ರಿಯಾಯಿತಿ. ತಿಳಿಸದೆ ಕೊಟ್ಟಾಗ ಅದು ಬಲೆಗೆ ಹಾಕಿದ ಕಾಳು. ಗುರುವಿನ ಮೇಲಿನ ವಿಶ್ವಾಸದಿಂದ ಪರೀಕ್ಷಿಸದೆ ಕೊಳ್ಳುವವನಿಗೆ ಬಿರುಕನ್ನು ಬಣ್ಣದಲ್ಲಿ ಮುಚ್ಚಿ ಕೊಡುವುದೆಂದರೆ, ಆ ವಿಶ್ವಾಸವನ್ನೇ ಆತನಿಗೆ ಕೇಡಾಗಿ ತಿರುಗಿಸಿದಂತೆ. ಗಾಡಿಯನ್ನು ಮಾರುವ ಮಾತು ಆಮೇಲಿನದು, ಮೊದಲು ಅದನ್ನು ಯಥಾರ್ಥವಾಗಿ ಸರಿಪಡಿಸಬೇಕು ಎಂದು ನಾವು ಅಪ್ಪಣೆ ಕೊಡಿಸಿದೆವು.

ಆಗ ಭಕ್ತರೊಬ್ಬರು ಹುಬ್ಬಳ್ಳಿಯ ಒಬ್ಬ ವೃದ್ಧ ಮುಸಲ್ಮಾನ ಮಿಸ್ತ್ರಿಯ ಬಳಿಗೆ ಗಾಡಿಯನ್ನು ಕಳುಹಿಸಿಕೊಟ್ಟರು. ಬೇರೊಂದು ಕಾರ್ಯಕ್ಕಾಗಿ ಆ ಊರಿಗೆ ಹೋಗಿದ್ದ ನಾವು ಮೂರು ದಿನವೂ ಸ್ವಲ್ಪ ಸ್ವಲ್ಪ ಹೊತ್ತು ಅವರ ಕೆಲಸವನ್ನು ನೋಡುವ ಅವಕಾಶವನ್ನು ಮಾಡಿಕೊಂಡೆವು. ಚೌಕಟ್ಟನ್ನು ಕಾಯಿಸಿ ಬಡಿಯುವ ಸಲಹೆಯನ್ನು ಹೇಳಿದಾಗ ಅವರು ನಕ್ಕರು.

“ಅಪ್ಪಾರ, ಬಣ್ಣ ಬಳದ್ರ ನನಗ ದುಡ್ಡು ಬರ್ತೈತ್ರಿ, ಗಾಡಿಗೆ ಬಲ ಬರೂದಿಲ್ರಿ,” ಎಂದರು.

ಕಾರ್ಖಾನೆಯಲ್ಲಿ ಅಚ್ಚೊತ್ತಿದ ಉಕ್ಕನ್ನು ಮನಬಂದಂತೆ ಕಾಯಿಸಿದರೆ ಅದರ ಗಡಸು ಕೆಡುತ್ತದೆ. ನೋಡಲು ನೆಟ್ಟಗಾದರೂ ಮುಂದಿನ ಏಟಿಗೆ ಅದು ಮೊದಲಿಗಿಂತ ಬೇಗ ಮಣಿಯುತ್ತದೆ. ತುಕ್ಕು ತಿಂದ ತಗಡಿನ ಮೇಲೆ ಹೊಸ ತುಂಡನ್ನು ಬೆಸೆದರೆ, ಬೆಸುಗೆ ಗಟ್ಟಿಯಿದ್ದರೂ ಅದರ ಪಕ್ಕದ ತೆಳುವಾದ ಲೋಹವೇ ಹರಿಯುತ್ತದೆ. ಒಳ್ಳೆಯ ಲೋಹದಲ್ಲಿ ಸಣ್ಣ ಬಿರುಕಿದ್ದರೆ, ಅದರ ತುದಿಯಲ್ಲಿ ರಂಧ್ರವನ್ನು ಕೊರೆದು ಬಿರುಕು ಮುಂದುವರಿಯದಂತೆ ಮಾಡಿ, ಅಂಚನ್ನು ಉಜ್ಜಿ, ಆಮೇಲೆ ಬೆಸೆಯುವ ಕ್ರಮವುಂಟು. ಆದರೆ ಗಾಲಿಯ ತೋಳು ಬಂದು ಸೇರುವ ಜಾಗದಲ್ಲಿ ಬಿಟ್ಟ ಬಿರುಕಿಗೆ ಆ ಉಪಾಯವನ್ನು ಅವರು ಒಪ್ಪಲಿಲ್ಲ.

ಕೈಗೆ ಪಾನಾ ಹಿಡಿಯುವ ಮೊದಲು ಅವರು ಹಿಡಿದದ್ದು ಅಳತೆಯ ಪಟ್ಟಿ. ಸಂಸ್ಕೃತ ಪಾಠಶಾಲೆಯಲ್ಲಿ ನ್ಯಾಯಶಾಸ್ತ್ರವನ್ನು ಓದುವಾಗ, ಬೆಟ್ಟದ ಮೇಲಿನ ಹೊಗೆಯಿಂದ ಕಾಣದ ಬೆಂಕಿಯನ್ನು ಊಹಿಸುವ ಅನುಮಾನದ ಉದಾಹರಣೆಯನ್ನು ನಾವೆಲ್ಲ ಬಾಯಿಪಾಠ ಮಾಡಿದವರು. ಅದರ ಪ್ರಯೋಗವನ್ನು ಇಲ್ಲಿ ಕಣ್ಣಾರೆ ಕಂಡೆವು. ಗಾಡಿ ನೆಟ್ಟಗೆ ಹೋಗುವಾಗ ಸ್ಟೀರಿಂಗ್ ಚಕ್ರ ವಾರೆಯಾಗಿ ನಿಲ್ಲುತ್ತದೆ. ಎಡಗಾಲಿ ತನ್ನ ಕಮಾನಿನ ಹಿಂಬದಿಗೆ ಸರಿದಿದೆ. ಬ್ರೇಕು ಹಾಕಿದಾಗ ಕೆಳಗೆ ‘ಟಕ್’ ಎಂಬ ಸದ್ದು ಬರುತ್ತದೆ. ಈ ಮೂರು ಲಕ್ಷಣಗಳಿಂದ ಅವರು ಕಾಣದ ದೋಷದ ಸ್ಥಾನವನ್ನು ಊಹಿಸಿದರು. ಬಳಿಕ ಗಾಡಿಯ ಅಡಿಯಲ್ಲಿ ತೂಗುಗುಂಡನ್ನು ಇಳಿಬಿಟ್ಟು ನೆಲದ ಮೇಲೆ ಸುಣ್ಣದ ಗುರುತುಗಳನ್ನು ಹಾಕಿ, ಕರ್ಣಗಳನ್ನು ಅಳೆದರು. ಅಳತೆಯನ್ನು ಪೆಟ್ಟು ಬಿದ್ದ ಮುಂಭಾಗದಿಂದ ಆರಂಭಿಸಲಿಲ್ಲ. ಪೆಟ್ಟು ತಾಗದ ಹಿಂಭಾಗದಿಂದ ಆರಂಭಿಸಿದರು. ಕೆಟ್ಟದ್ದನ್ನು ಕೆಟ್ಟದ್ದರಿಂದಲೇ ಅಳೆದರೆ ಎರಡೂ ಸರಿಯಾಗಿರುವಂತೆ ತೋರುತ್ತವೆ ಎಂಬುದು ಅವರ ಸಿದ್ಧಾಂತ. ಗಾಡಿಯ ಒಡಲಿನ ರಂಧ್ರಗಳು ಎರಡೂ ಕರ್ಣಗಳಲ್ಲಿ ಸಮನಾಗಿದ್ದವು. ಎಡಗಾಲಿ ಮಾತ್ರ ಬಲಗಾಲಿಗಿಂತ ೧೪ ಮಿಲಿಮೀಟರು ಹಿಂದಕ್ಕೆ ಹೋಗಿತ್ತು. ಒಡಲು ಕ್ಷೇಮ, ಉಪಚೌಕಟ್ಟು ಮತ್ತು ಎಡಗಡೆಯ ತೋಳು ಕೆಟ್ಟಿವೆ ಎಂಬ ನಿರ್ಣಯವಾಯಿತು. ಒಡಲೇ ಬಾಗಿದ್ದಿದ್ದರೆ ಹೊಸ ಚೌಕಟ್ಟನ್ನು ತಂದರೂ ಅದರ ರಂಧ್ರಗಳು ಕೂಡುತ್ತಿರಲಿಲ್ಲ. ಬಲಾತ್ಕಾರದಿಂದ ಬೋಲ್ಟನ್ನು ತೂರಿಸಿದರೆ ದೋಷ ಇನ್ನೊಂದೆಡೆಗೆ ಸರಿಯುತ್ತಿತ್ತು, ಅಷ್ಟೆ.

ಬಿಚ್ಚುವ ಕೆಲಸವೂ ಒಂದು ತಾಳ್ಮೆಯ ತಪಸ್ಸೇ ಸರಿ. ಉಪಚೌಕಟ್ಟನ್ನು ಇಳಿಸಿದರೆ ಎಂಜಿನ್ನಿಗೆ ಹಿಂದಿನ ಆಧಾರ ತಪ್ಪುತ್ತದೆ. ಆದುದರಿಂದ ಮೊದಲು ಮೇಲ್ಗಡೆ ಅಡ್ಡಲಾಗಿ ಒಂದು ದಪ್ಪ ಕೊಳವೆಯನ್ನಿಟ್ಟು, ಸರಪಣಿಯಿಂದ ಎಂಜಿನ್ನನ್ನು ತೂಗುಹಾಕಿದರು. ಸ್ಟೀರಿಂಗ್ ಚಕ್ರವನ್ನು ಅಲುಗಾಡದಂತೆ ಕಟ್ಟಿ, ಅದರ ದಂಡ ಕೂಡುವ ಜಾಗಕ್ಕೆ ಬಿಳಿಬಣ್ಣದ ಗುರುತು ಹಾಕಿದರು. ಹಿಂಬದಿಯ ದೊಡ್ಡ ಬೋಲ್ಟುಗಳೆರಡು ತುಕ್ಕಿನಿಂದ ಹಿಡಿದುಕೊಂಡಿದ್ದವು. ಶಿಷ್ಯನೊಬ್ಬನು ಉದ್ದನೆಯ ಪೈಪನ್ನು ಸಿಕ್ಕಿಸಿ ತಿರುವಲು ಹೋದಾಗ ಮಿಸ್ತ್ರಿಗಳು ತಡೆದರು. ಆ ಬೋಲ್ಟಿನ ನಟ್ಟು ಒಡಲಿನ ಒಳಗೆ, ಕೈಗೆಟುಕದಲ್ಲಿ ಬೆಸೆದಿರುತ್ತದೆ. ಅದು ಕಿತ್ತುಬಂದರೆ ಗಾಡಿಯ ತಳವನ್ನೇ ಕತ್ತರಿಸಬೇಕಾಗುತ್ತದೆ. ಎಣ್ಣೆಯನ್ನು ಬಿಟ್ಟು ಒಂದು ರಾತ್ರಿ ಕಾದರು. ಮರುದಿನ ಅದು ಕೈಮಾತಿಗೆ ಬಂದಂತೆ ಸಡಿಲಾಯಿತು.

ಇಳಿಸಿದ ಚೌಕಟ್ಟನ್ನು ತೊಳೆದು ಬೆಳಕಿಗೆ ಹಿಡಿದಾಗ ಎಲ್ಲ ಸಂಗತಿಯೂ ಸ್ಪಷ್ಟವಾಯಿತು. ಎಡತೋಳಿನ ಹಿಂದಿನ ಹಿಡಿಕೆಯ ಬಳಿ, ಬೆಸುಗೆಯ ಅಂಚಿನಲ್ಲಿ ಬೆರಳಿನ ಒಂದು ಗಣ್ಣಿನಷ್ಟು ಉದ್ದದ ಬಿರುಕಿತ್ತು. ದುಂಡಾಗಿರಬೇಕಾದ ಒಂದು ರಂಧ್ರ ಮೊಟ್ಟೆಯಾಕಾರಕ್ಕೆ ಹಿಗ್ಗಿತ್ತು. ಇದು ಕುಣಿಯ ಏಟಿನ ಫಲ. ಆದರೆ ಬಿರುಕಿನ ಒಳಮೈ ಹೊಸದಾಗಿ ಒಡೆದ ಲೋಹದಂತೆ ಹೊಳೆಯುತ್ತಿರಲಿಲ್ಲ. ಅರ್ಧ ಭಾಗ ಕಂದುಗಟ್ಟಿತ್ತು. ಅಂದರೆ ಬಿರುಕಿನ ಆರಂಭ ಹಳೆಯದು. ಮಿಸ್ತ್ರಿಗಳು ಚಿಕ್ಕ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತ ಹೋದರು. ಗಟ್ಟಿಯಿರುವೆಡೆ ಗಂಟೆಯಂಥ ನಾದ, ಸವೆದೆಡೆ ಮಡಕೆಯ ಓಡಿನಂಥ ಮೊಂಡು ಸದ್ದು. ಟೊಳ್ಳಿನೊಳಗೆ ಹೊಕ್ಕ ನೀರು ಹರಿದುಹೋಗಲೆಂದು ಬಿಟ್ಟಿದ್ದ ರಂಧ್ರಗಳು ಎರೆಮಣ್ಣಿನಿಂದ ಮುಚ್ಚಿಹೋಗಿದ್ದವು. ಎಷ್ಟೋ ಮಳೆಗಾಲದ ನೀರು ಅಲ್ಲಿಯೇ ನಿಂತು, ಉಕ್ಕನ್ನು ಒಳಗಿನಿಂದ ತಿಂದಿತ್ತು. ಕಬ್ಬಿಣ ಬಲವಾಗಿದ್ದಿದ್ದರೆ ಆ ಏಟನ್ನು ತಾಳಿಕೊಳ್ಳುತ್ತಿತ್ತೇನೋ ಎಂದು ಅವರು ಹೇಳಿದರು. ಪಕ್ಕದಲ್ಲಿ ನಿಂತಿದ್ದ ಚಾಲಕ ಹುಡುಗನು ದೀರ್ಘವಾಗಿ ಉಸಿರುಬಿಟ್ಟದ್ದು ನಮಗೆ ಕೇಳಿಸಿತು.

ಬೇರೆ ಚೌಕಟ್ಟನ್ನು ಗುಜರಿ ಪೇಟೆಯಿಂದ ತಂದದ್ದಾಯಿತು. ಅದನ್ನೂ ತಟ್ಟಿ, ಅಳೆದು, ಒಳಗೆ ದೀಪ ಹಿಡಿದು ನೋಡಿ, ಮೊದಲು ತೋರಿಸಿದ ಒಂದನ್ನು ತಿರಸ್ಕರಿಸಿ, ಎರಡನೆಯದನ್ನು ಒಪ್ಪಿದರು. ಎರಡೂ ಕೆಳತೋಳುಗಳನ್ನು, ರಬ್ಬರಿನ ಬುಷ್‌ಗಳನ್ನು ಹೊಸದಾಗಿ ತರಿಸಿದರು. ಬೋಲ್ಟುಗಳನ್ನು ಮಾತ್ರ ಹಳೆಯವುಗಳಲ್ಲಿ ಒಂದನ್ನೂ ಬಳಸಲಿಲ್ಲ. ಬೋಲ್ಟಿನ ತಲೆಯ ಮೇಲೆ ಅದರ ಬಲವನ್ನು ಸೂಚಿಸುವ ಅಂಕಿಗಳಿರುತ್ತವೆ. ೮.೮ ಎಂಬುದು ಒಂದು ದರ್ಜೆ, ೧೦.೯ ಎಂಬುದು ಅದಕ್ಕಿಂತ ಬಲವಾದ ದರ್ಜೆ. ಹಳೆಯದರ ಅಂಕಿಯನ್ನು ನೋಡಿ ಅದೇ ದರ್ಜೆಯದನ್ನೇ ಹಾಕಿ, ಬಿಗಿತವನ್ನು ಅಳೆಯುವ ಟಾರ್ಕ್ ರೆಂಚಿನಿಂದ ಬಿಗಿದರು.

ಆದರೆ ತೋಳುಗಳ ಬುಷ್ ಬೋಲ್ಟುಗಳನ್ನು ಅವರು ಆಗ ಬಿಗಿಯಲಿಲ್ಲ. ಗಾಡಿಯನ್ನು ಜ್ಯಾಕಿನಿಂದ ಇಳಿಸಿ, ಅದರ ಪೂರ್ಣ ಭಾರ ನಾಲ್ಕೂ ಗಾಲಿಗಳ ಮೇಲೆ ಕುಳಿತ ಮೇಲೆಯೇ ಬಿಗಿದರು. ಏಕೆ ಎಂದು ಕೇಳಿದೆವು. ಗಾಲಿ ಗಾಳಿಯಲ್ಲಿ ತೂಗುತ್ತಿರುವಾಗ ತೋಳು ಕೆಳಕ್ಕೆ ಬಾಗಿರುತ್ತದೆ; ಆ ಸ್ಥಿತಿಯಲ್ಲಿ ಬಿಗಿದರೆ ರಬ್ಬರು ಅಲ್ಲಿಯೇ ಕಚ್ಚಿಕೊಳ್ಳುತ್ತದೆ. ಗಾಡಿ ನೆಲಕ್ಕೆ ಇಳಿದೊಡನೆ ಅದು ತಿರುಚಿಕೊಂಡು, ನಿಂತಲ್ಲಿ ನಿಂತರೂ ಹಿಂಸೆಪಡುತ್ತ, ಬೇಗ ಹರಿದುಹೋಗುತ್ತದೆ. ಯಾವುದನ್ನಾದರೂ ಅದು ಹೊರಬೇಕಾದ ಭಾರವನ್ನು ಹೊತ್ತ ಸ್ಥಿತಿಯಲ್ಲಿಯೇ ಬಿಗಿಯಬೇಕು. ಎಳೆಯರಿಗೆ ನಿಯಮಗಳನ್ನು ವಿಧಿಸುವ ನಮ್ಮಂಥವರು ಈ ಮಾತನ್ನು ಎರಡು ಸಲ ಆಲೋಚಿಸುವುದು ಒಳ್ಳೆಯದು.

ಕೊನೆಗೆ ಗಾಲಿಗಳ ಕೋನಗಳನ್ನು ಯಂತ್ರದಲ್ಲಿ ಸರಿಹೊಂದಿಸಿದರು. ಒಟ್ಟು ಖರ್ಚು ೧೪,೬೦೦ ರೂಪಾಯಿ. ಬಣ್ಣ ಬಳಿಯುವ ಉಪಾಯಕ್ಕೆ ತಗಲುತ್ತಿದ್ದುದರ ಸುಮಾರು ನಾಲ್ಕು ಪಟ್ಟು. ಐದುನೂರು ಕಿಲೋಮೀಟರು ಓಡಿದ ಬಳಿಕ ಮತ್ತೆ ಬಂದು ಬೋಲ್ಟುಗಳ ಬಿಗಿತವನ್ನು ಪರೀಕ್ಷಿಸಿಕೊಂಡು ಹೋಗಬೇಕೆಂದು ಹೇಳಿ, ಅದಕ್ಕೆ ಪ್ರತ್ಯೇಕ ಹಣವಿಲ್ಲವೆಂದರು. ಶಿಕ್ಷಕರಿಗೆ ನಡೆದುದೆಲ್ಲವನ್ನೂ ತಿಳಿಸಿದೆವು. ಅವರು ಅಷ್ಟರಲ್ಲಿ ಬೇರೊಂದು ಗಾಡಿಯನ್ನು ನೋಡಿಕೊಂಡಿದ್ದರು. ಮಠದ ಗಾಡಿ ಮಠದಲ್ಲಿಯೇ ಉಳಿಯಿತು. ೨೦೨೪ರಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಮತ್ತೆ ಐದು ವರ್ಷಗಳ ನವೀಕರಣವನ್ನು ಪಡೆದು, ಪ್ರಸಾದನಿಲಯದ ಮಕ್ಕಳ ಸೇವೆಯಲ್ಲಿದೆ.

ಇನ್ನು ನಾವು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇವೆ.

ಹನ್ನೆರಡನೆಯ ಶತಮಾನದ ಶರಣರಲ್ಲಿ ನುಲಿಯ ಚಂದಯ್ಯನವರದು ಹಗ್ಗ ಹೊಸೆಯುವ ಕಾಯಕ. ಅಂಬಿಗರ ಚೌಡಯ್ಯನವರದು ದೋಣಿ ನಡೆಸುವ ಕಾಯಕ. ಈ ಎರಡು ಕಾಯಕಗಳಿಗೆ ಒಂದು ವಿಶೇಷವಿದೆ. ಅವುಗಳಲ್ಲಿ ದೋಷವಿದ್ದರೆ ಅದರ ಬೆಲೆಯನ್ನು ತೆರುವವನು ಕಾಯಕ ಮಾಡಿದವನಲ್ಲ, ಹಗ್ಗವನ್ನು ನಂಬಿ ಬಾವಿಗೆ ಇಳಿದವನು. ದೋಣಿಯನ್ನು ನಂಬಿ ಹೊಳೆಗೆ ಇಳಿದವನು. ಭಾರ ಹೊರುವ ವಸ್ತುವಿನ ನೀತಿ ಇದು. ಅದರ ಬಿರುಕಿನ ಮೇಲೆ ಮುಂದೆ ಕುಳಿತುಕೊಳ್ಳುವವರು ಯಾರೋ ಅವರ ಜೀವದ ಪ್ರಶ್ನೆಯದು. ಆದುದರಿಂದ ಅಂತಹ ಬಿರುಕನ್ನು ಕುರಿತು ಕೇಳಬೇಕಾದ ಮೊದಲ ಪ್ರಶ್ನೆ “ಇದನ್ನು ಮಾಡಿದವರು ಯಾರು” ಎಂಬುದಲ್ಲ, “ಇದರ ಮೇಲೆ ನಾಳೆ ಕೂಡುವವರು ಯಾರು” ಎಂಬುದು.

ಪ್ರಶ್ನೆಗಳ ಈ ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದನ್ನು ವಾಚಕರು ಆಲೋಚಿಸಬೇಕು. ಆ ಹುಡುಗನಿಗೆ ಮೊದಲು ಸಿಕ್ಕಿದ್ದು ಗದರಿಕೆ. ಅಂದು ಆತನಿಂದ ಗಾಡಿಯ ಖರ್ಚನ್ನು ವಸೂಲು ಮಾಡಿದ್ದರೆ, ಅಥವಾ ಕೆಲಸದಿಂದ ತೆಗೆದಿದ್ದರೆ, ಮಠದ ಉಳಿದ ಸೇವಕರು ಅದರಿಂದ ಕಲಿಯುತ್ತಿದ್ದ ಪಾಠ ಯಾವುದು? ಗಾಡಿಯನ್ನು ಎಚ್ಚರದಿಂದ ನಡೆಸಬೇಕೆಂಬುದಲ್ಲ, ಕಂಡದ್ದನ್ನು ಹೇಳಬಾರದೆಂಬುದು. ಹೇಳಿದವನೇ ಅಪರಾಧಿಯಾಗುವ ಮನೆಯಲ್ಲಿ ಬಿರುಕುಗಳು ಕಡಿಮೆಯಾಗುವುದಿಲ್ಲ, ಬಣ್ಣದ ಖರ್ಚು ಹೆಚ್ಚುತ್ತದೆ. ಮತ್ತೊಂದು ಸಂಗತಿಯನ್ನೂ ಆ ಚೌಕಟ್ಟು ತೋರಿಸಿಕೊಟ್ಟಿತು. ವಸ್ತು ಯಾರ ಕೈಯಲ್ಲಿ ಮುರಿಯಿತೋ ಅವನೊಬ್ಬನೇ ಮುರಿತಕ್ಕೆ ಕಾರಣನೆಂದು ಹೇಳಲು ಬರುವುದಿಲ್ಲ. ಹಲವು ಮಳೆಗಾಲಗಳ ನೀರು ಮಾಡಿದ ಕೆಲಸವನ್ನು ಒಂದು ರಾತ್ರಿಯ ಕುಣಿ ಮುಗಿಸಿತು. ಕುಣಿಯ ರಾತ್ರಿ ಗಾಡಿ ನಡೆಸುತ್ತಿದ್ದವನ ಮೇಲೆ ಅಷ್ಟೂ ಮಳೆಗಾಲಗಳ ಭಾರವನ್ನು ಹೊರಿಸುವುದು ಧರ್ಮವಲ್ಲ.

ಹಾಗೆಂದು ಅಜಾಗರೂಕತೆಗೆ ದಂಡನೆಯೇ ಬೇಡವೆಂದು ನಾವು ಹೇಳುತ್ತಿಲ್ಲ. ಕುಡಿದು ನಡೆಸಿದವನನ್ನು, ಬೇಕೆಂದು ಕೆಡಿಸಿದವನನ್ನು ವಿಚಾರಿಸಲೇಬೇಕು. ಆದರೆ ವಿಚಾರಣೆ ಎರಡನೆಯ ಹೆಜ್ಜೆ. ಮೊದಲನೆಯದು, ಯಾರೂ ಆ ಬಿರುಕಿನ ಮೇಲೆ ಕೂಡದಂತೆ ನೋಡಿಕೊಳ್ಳುವುದು. ಮುಚ್ಚಿಟ್ಟವನ ಅಪರಾಧ, ಮುರಿದು ಹೇಳಿದವನ ಅಪರಾಧಕ್ಕಿಂತ ದೊಡ್ಡದೆಂದು ಎಲ್ಲರಿಗೂ ತಿಳಿಯಬೇಕು.

ಈ ವಿಚಾರವನ್ನು ನಾವು ಮಾತಿನಲ್ಲಿಯೇ ಬಿಡಲಿಲ್ಲ. ಅದೇ ವರ್ಷ ಮಠದಲ್ಲಿಯೂ, ಪ್ರಸಾದನಿಲಯದಲ್ಲಿಯೂ ಒಂದೊಂದು ನೋಟುಪುಸ್ತಕವನ್ನು ಇರಿಸಲಾಯಿತು. ಮುರಿದದ್ದು, ಸೋರುತ್ತಿರುವುದು, ಸಡಿಲಾದದ್ದು ಯಾವುದು ಕಂಡರೂ ಯಾರು ಬೇಕಾದರೂ ಅದರಲ್ಲಿ ಬರೆಯಬಹುದು. ಬರೆದವನಿಗೆ ಅದಕ್ಕಾಗಿ ಬೈಗುಳವಿಲ್ಲ. ಮೊದಲ ಕೆಲವು ದಿನ ಪುಸ್ತಕ ಖಾಲಿಯಾಗಿಯೇ ಇತ್ತು. ಅನಂತರ ಅಡುಗೆಮನೆಯ ಸಹಾಯಕನೊಬ್ಬನು ವಕ್ರವಕ್ರವಾದ ಅಕ್ಷರಗಳಲ್ಲಿ, ಒಲೆಗೆ ಹೋಗುವ ಗ್ಯಾಸಿನ ರಬ್ಬರು ಕೊಳವೆ ಬಿರಿದಿದೆಯೆಂದು ಬರೆದನು. ಅಂದೇ ಅದನ್ನು ಬದಲಾಯಿಸಿದರು. ಆಮೇಲೆ ಪುಸ್ತಕ ತುಂಬತೊಡಗಿತು. ಮೇಲ್ಛಾವಣಿಯ ಬಿರುಕು, ವಿದ್ಯುತ್ ತಂತಿಯ ಕಿಡಿ, ನೀರಿನ ತೊಟ್ಟಿಯ ಮುಚ್ಚಳ ಎಲ್ಲವೂ ಅದರಲ್ಲಿ ಬಂದವು. ಒಬ್ಬ ವಿದ್ಯಾರ್ಥಿಯು ತನ್ನ ಕೋಣೆಯ ಗೆಳೆಯನು ಮೂರು ದಿನಗಳಿಂದ ಊಟ ಮಾಡುತ್ತಿಲ್ಲವೆಂದು ಬರೆದಿದ್ದನು. ಅದು ವಸ್ತುಗಳ ಪುಸ್ತಕವೆಂದು ಯಾರೂ ಅವನಿಗೆ ಹೇಳಲಿಲ್ಲ. ಆ ಗೆಳೆಯನನ್ನು ಕರೆಸಿ ಮಾತನಾಡಿಸಿ, ಅವನ ಮನೆಯ ಕಷ್ಟವನ್ನು ತಿಳಿದು, ಆಗಬೇಕಾದ ವ್ಯವಸ್ಥೆಯನ್ನು ಮಾಡಲಾಯಿತು.

ತಮ್ಮಲ್ಲಿ ಹಳೆಯ ಗಾಡಿಗಳನ್ನು ಇಟ್ಟುಕೊಂಡವರು ಬಹಳ ಮಂದಿಯಿದ್ದೀರಿ. ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತಿದ್ದರೆ, ಸ್ಟೀರಿಂಗ್ ಚಕ್ರ ವಾರೆಯಾಗಿ ನಿಂತರೆ, ಟಾಯರು ಒಂದೇ ಅಂಚಿನಲ್ಲಿ ಸವೆಯುತ್ತಿದ್ದರೆ, ಬ್ರೇಕು ಹಾಕಿದಾಗ ಅಡಿಯಲ್ಲಿ ಸದ್ದು ಬಂದರೆ, ಬರಿಯ ಅಲೈನ್‌ಮೆಂಟು ಮಾಡಿಸಿ ತೃಪ್ತರಾಗಬೇಡಿರಿ. ಗಾಡಿಯನ್ನು ಎತ್ತಿಸಿ ಉಪಚೌಕಟ್ಟನ್ನು ನೋಡಿಸಿರಿ. ಮಳೆಗಾಲ ಮುಗಿದ ಮೇಲೆ ಅಡಿಭಾಗವನ್ನು ತೊಳೆಯಿಸಿ, ನೀರು ಹೋಗುವ ರಂಧ್ರಗಳನ್ನು ತೆರೆಯಿಸಿರಿ. ಕರಾವಳಿಯಲ್ಲಿರುವ ಭಕ್ತರು ಉಪ್ಪುಗಾಳಿಯ ಕಾರಣದಿಂದ ಇದನ್ನು ಇನ್ನೂ ಹೆಚ್ಚು ಎಚ್ಚರದಿಂದ ಮಾಡಬೇಕು. ಗಾಡಿಯನ್ನು ಮಾರುವುದಾದರೆ, ಅದರಲ್ಲಿ ಏನು ಕೆಟ್ಟಿತ್ತು, ಏನನ್ನು ಸರಿಪಡಿಸಿದಿರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಕೊಳ್ಳುವವರ ಕೈಗೆ ಕೊಡಿರಿ. ಬೆಲೆ ಸ್ವಲ್ಪ ಕಡಿಮೆಯಾದೀತು. ಮನಸ್ಸಿನ ಮೇಲಿನ ಭಾರವೂ ಅಷ್ಟೇ ಕಡಿಮೆಯಾಗುತ್ತದೆ.

ಮಕ್ಕಳಾಗಲಿ, ಆಳುಗಳಾಗಲಿ, ಕೈಕೆಳಗಿನ ನೌಕರರಾಗಲಿ, ಬೆಳಿಗ್ಗೆ ಬಾಗಿಲ ಬಳಿ ಬಾಡಿದ ಮುಖದಿಂದ ನಿಂತು ಏನನ್ನೋ ಹೇಳಬಂದರೆ, ಅವರ ಮಾತನ್ನು ಮೊದಲು ಪೂರ್ತಿಯಾಗಿ ಕೇಳಿರಿ. ಅವರು ತಂದಿರುವುದು ಕೆಟ್ಟ ಸುದ್ದಿಯಾಗಿರಬಹುದು. ಆದರೆ ಅದನ್ನು ತಮ್ಮ ಬಳಿಗೇ ತಂದಿದ್ದಾರೆ ಎಂಬುದು ತಮ್ಮ ಮನೆಯ ಚೌಕಟ್ಟು ಇನ್ನೂ ಗಟ್ಟಿಯಿದೆ ಎಂಬುದಕ್ಕೆ ಗುರುತು. ಸರ್ವರಿಗೂ ಸನ್ಮಂಗಳವಾಗಲಿ.